ತೂಕ ಏರಿದ ಬೆಳಗ್ಗೆ

ಧನುರ್ಮಾಸದ ಬೆಳಗ್ಗೆ, ಊರಿಗಾಂ ಗಣಿ ಕಾರ್ಮಿಕರ ಲೈನುಮನೆಗಳ ಮೇಲೆ ಮಂಜು ಇನ್ನೂ ಕರಗದ ಹೊತ್ತಿನಲ್ಲಿ ಇದು ಶುರುವಾಯಿತು. ಹಿಂದೆ ಗಣಿಯಲ್ಲಿ ದುಡಿದಿದ್ದ ಪೆರುಮಾಳ್, ಸೊಸೆ ವನಿತಾ ದಸರೆಗೆ ತಂದಿದ್ದ ಗಾಜಿನ ತೂಕದ ಮಿಷಿನ್ನಿನ ಮೇಲೆ ಉಣ್ಣೆ ಕಾಲುಚೀಲದಲ್ಲೇ ಹತ್ತಿ ನಿಂತ.

“ನೋಡ್ಲೇ ಕನಕ, ಎಲ್ಡು ಕೇಜಿ ಜಾಸ್ತಿ ಆಗಿದೀನಿ! ಆಸ್ಪತ್ರೆಗೆ ಯಾಕೆ ಓಗ್ಬೇಕು?”

ಕನಕಮ್ಮನಿಗೆ ಸಮಾಧಾನವಾಗಲಿಲ್ಲ. ಗಂಡನ ತೋಳು ಸೊರಗಿತ್ತು, ತಟ್ಟೆಯಲ್ಲಿ ಮುದ್ದೆ ಉಳಿಯುತ್ತಿತ್ತು. ಹಾಗಿದ್ದೂ ತೂಕ ಏರುವುದೆಂದರೇನು? ಒಲೆ ಮುಂದೆ ಕೂರಲಾರಳು, ಬಾಗಿಲಲ್ಲಿ ನಿಲ್ಲಲಾರಳು. ಹಾಲು ಉಕ್ಕಿ ಚೆಲ್ಲಿತು.

“ಅತ್ತೆ, ಬರಿಗಾಲಲ್ಲಿ ನಿಂತ್ರೆ ಮೈಯಲ್ಲಿ ಮಾಂಸ ಎಷ್ಟು, ನೀರೆಷ್ಟು, ಎಲ್ಲ ಫೋನಲ್ಲಿ ಬತ್ತದೆ. ದಸರೇಲಿ ಮಾವ ಒಂದ್ಸಲ ನಿಂತಿದ್ರು. ಈಗ ಕಾಲುಚೀಲ ಬಿಚ್ಚಲ್ಲ ಅಂತಾರೆ,” ಎಂದಳು ವನಿತಾ.

“ಚಳಿ ಕಣಮ್ಮಾ,” ಎಂದ ಪೆರುಮಾಳ್.

“ಚಳಿಯಂತೆ ಚಳಿ! ಮದುವಣಗಿತ್ತಿ ನಾಚ್ಕೊಂಡಂಗೆ ಕಾಲು ಮುಚ್ಕೊಂಡವ್ನೆ!” ಕನಕಮ್ಮ ಕುಕ್ಕರಿಸಿ ಕೂತು ತಾನೇ ಚೀಲ ಎಳೆದಳು. ಕಾಲು ಊದಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಬಿದ್ದ ಗುಳಿ ಹಾಗೇ ಉಳಿಯಿತು.

ಬರಿಗಾಲಲ್ಲಿ ನಿಲ್ಲಿಸಿದರು. ವನಿತಾ ಫೋನು ನೋಡಿ ಮೆಲ್ಲಗೆ ಹೇಳಿದಳು: “ಮಾಂಸ ಇಳಿದದೆ ಅತ್ತೆ. ಏರಿರೋದು ನೀರು.”

ಪೆರುಮಾಳ್ ತಲೆ ತಗ್ಗಿಸಿದ. “ನಂಗೊತ್ತಿತ್ತು. ಗಣೀಲಿ ಜತೆಗಿದ್ದ ಚಲಪತಿ ಕಾಲೂ ಇಂಗೇ ಊದಿತ್ತು. ಆಸ್ಪತ್ರೆಗೆ ಓದೋನು ವಾಪಸ್ ಬಂದ್ನಾ?”

“ಅವನ್ನ ಮಲಗಿದ ಜಾಗದಿಂದ ಎತ್ಕೊಂಡು ಓದ್ರು. ನೀನಿನ್ನೂ ನಡೀತಿದೀಯ. ಓಗಾಣ ಬಾ,” ಎಂದಳು ಕನಕಮ್ಮ.

ಅದೇ ವಾರದ ಗುರುವಾರ ರೈಲು ಹತ್ತಿ ಪೆರುಮಾಳ್ ಬಂಗಾರಪೇಟೆ ಆಸ್ಪತ್ರೆಗೆ ಹೊರಟ, ಪಕ್ಕದಲ್ಲಿ ಕನಕಮ್ಮ.