ವಿರ್ಮಾಳ ಕೊರಳಿನ ಹಗ್ಗ

ಹಿಂದಕ್ಕೆ ಸರಿಯುವುದಕ್ಕೂ ಒಂದು ದಿನಚರಿ ಇರುತ್ತದೆಂದು ರೈನೊ ಲೆಹ್ತೊವಾರನಿಗೆ ಆರು ದಿನಗಳಲ್ಲಿ ಗೊತ್ತಾಗಿಹೋಗಿತ್ತು. ಬೆಳಗ್ಗೆ ರಸ್ತೆಗೆ ಅಡ್ಡಲಾಗಿ ಮರ ಕೆಡವುವುದು, ಅದರ ಹಿಂದೆ ಮಲಗಿ ಕಾಯುವುದು, ರಷ್ಯನ್ನರ ಮುಂದಿನ ಸಾಲು ಕಂಡಾಗ ಒಂದೆರಡು ತಾಸು ತಡೆದು ನಿಲ್ಲಿಸುವುದು, ಆಮೇಲೆ ಸ್ಕೀ ಕಟ್ಟಿಕೊಂಡು ಎಂಟು ಕಿಲೋಮೀಟರ್ ಹಿಂದೆ ಹೋಗಿ ಮತ್ತೆ ಕೊಡಲಿ ಎತ್ತುವುದು. ೧೯೩೯ರ ಆ ಡಿಸೆಂಬರಿನಲ್ಲಿ ಕರೇಲಿಯಾದ ಕಾಡಿನೊಳಗೆ ಅವನ ಇಪ್ಪತ್ತಾರು ಜನ ಫಿನ್ನಿಶ್ ಸೈನಿಕರು ಇದನ್ನು ಹೊಲದ ಕೆಲಸದ ಹಾಗೆ, ಗೊಣಗುತ್ತಲೇ ಅಚ್ಚುಕಟ್ಟಾಗಿ ಮಾಡುತ್ತಿದ್ದರು.

ಏಳನೆಯ ದಿನ ಮಾತ್ರ ಲೆಕ್ಕ ತಪ್ಪಿತು. ಹಿಂದಿನ ರಸ್ತೆ ಶತ್ರುವಿನ ಕೈಸೇರಿದೆಯೆಂದು ಸುದ್ದಿ ಬಂತು. ಉಳಿದದ್ದು ಹೆಪ್ಪುಗಟ್ಟಿದ ಸರೋವರ ಒಂದೇ. ಗಾಯಗೊಂಡವರು ಮೂವರಿದ್ದರು. ಆಚೆ ದಡದಿಂದ ಆಸ್ಪತ್ರೆಯ ಡೇರೆಗೆ ಇನ್ನೂ ಏಳು ಕಿಲೋಮೀಟರ್. ಅಷ್ಟು ದೂರ ಅವರನ್ನು ಎಳೆಯಲು ಇದ್ದದ್ದು ವಿರ್ಮಾ ಎಂಬ ಒಂದೇ ಹೆಣ್ಣು ಕುದುರೆ. ಸೈನ್ಯ ಅದನ್ನು ಕೇಳಿದಾಗ ಒಡೆಯ ತಾಹ್ವೊ ಪಾರ್ಸಿನೆನ್ ಐವತ್ತೆಂಟರ ವಯಸ್ಸಿನಲ್ಲಿ ತಾನೂ ಜೊತೆಗೇ ಬಂದಿದ್ದ.

"ನೇರ ಹೋಗೋಣ," ಎಂದ ರೈನೊ. ಅವನು ತುರ್ಕು ಪಟ್ಟಣದವನು, ಕಾಲೇಜು ಬಿಟ್ಟು ಬಂದ ಅಧಿಕಾರಿ. "ಅಲ್ಲಿ ಮಂಜುಗಡ್ಡೆ ಬೆಳ್ಳಗೆ ದಪ್ಪಗಿದೆ. ಪಕ್ಕದ ಆ ಕಪ್ಪು ಜಾಗ ನೋಡಿದ್ರೇ ಭಯ ಆಗುತ್ತೆ."

"ಉಲ್ಟಾ, ಸಾಹೇಬ್ರೆ," ಎಂದ ತಾಹ್ವೊ. "ಹಿಮ ಅಂದ್ರೆ ಕಂಬಳಿ. ಕಂಬಳಿ ಹೊದ್ಕೊಂಡ ನೀರು ಬೇಗ ಗಟ್ಟಿಯಾಗಲ್ಲ. ಗಾಳಿ ಗುಡಿಸಿದ ಕಪ್ಪು ಜಾಗಾನೇ ಗಟ್ಟಿ."

"ಸುತ್ತು ಹಾಕಿದ್ರೆ ಅರ್ಧ ಗಂಟೆ ಹೋಗುತ್ತಲ್ಲ! ಅವರು ಅಷ್ಟರಲ್ಲಿ ದಡದಲ್ಲಿರ್ತಾರೆ."

ತಾಹ್ವೊ ವಾದ ಬೆಳೆಸಲಿಲ್ಲ. "ಹಾಗಾದ್ರೆ ಗಾಯಾಳುಗಳನ್ನ ಸಣ್ಣ ಜಾರುಬಂಡಿಯಲ್ಲಿ ಒಬ್ಬೊಬ್ಬರನ್ನೇ ಉದ್ದ ಹಗ್ಗದಿಂದ ಎಳೀರಿ. ದೊಡ್ಡ ಬಂಡೀನ ಖಾಲಿ ಮಾಡಿ ಜನರೇ ಎಳೀಲಿ. ಕೊನೇಲಿ ನಾನೂ ಇವಳೂ." ರೈನೊ ಒಪ್ಪಿದ. ಮುದುಕ ಕುದುರೆಯ ಕೊರಳಿಗೆ ಸಡಿಲವಾಗಿ ಒಂದು ಕುಣಿಕೆ ಹಾಕುವುದನ್ನು ಕಂಡರೂ ಏಕೆಂದು ಕೇಳಲಿಲ್ಲ.

ಮೂವರೂ ದಾಟಿದರು, ಬಂಡಿಯೂ ದಾಟಿತು. ದಡ ಇನ್ನು ಮೂವತ್ತು ಹೆಜ್ಜೆ ಇದೆಯೆನ್ನುವಾಗ ವಿರ್ಮಾಳ ಕಾಲಡಿಯ ಬಿಳಿ ಮಂಜುಗಡ್ಡೆ ಸದ್ದಿಲ್ಲದೆ ಕುಸಿಯಿತು. ಕಣ್ಣುಬಿಟ್ಟ ತಲೆಯೊಂದು ಮಾತ್ರ ಮೇಲೆ ಉಳಿಯಿತು.

ತಾಹ್ವೊ ಹೊಟ್ಟೆಯ ಮೇಲೆ ಮಲಗಿ ಹಗ್ಗವನ್ನು ಬಲವಾಗಿ ಜಗ್ಗಿದ. ಕುಣಿಕೆ ಬಿಗಿಯಿತು. ಕುದುರೆಯ ಉಸಿರು ಗೊರಗೊರ ಎಂದು ನಿಂತೇಹೋಯಿತು.

"ಏನ್ ಮಾಡ್ತಿದ್ದೀರಿ? ಕೊಲ್ತಿದ್ದೀರಾ ಅದನ್ನ?" ಎಂದು ರೈನೊ ಕಿರುಚಿದ.

"ಬಾಯಿ ಮುಚ್ಚಿ ಹಗ್ಗ ಹಿಡೀರಿ, ಸಾಹೇಬ್ರೆ!"

ಎಂಟು ಜನ ಹಿಡಿದರು. ಒಳಗೆ ಸಿಕ್ಕಿಕೊಂಡ ಗಾಳಿಯಿಂದ ಉಬ್ಬಿದ ಮೈ ಪೀಪಾಯಿಯಂತೆ ತೇಲಿ ಮಗ್ಗುಲಾಯಿತು. ಒಡೆಯದ ಅಂಚಿನ ಮೇಲೆ ಅದನ್ನು ಎಳೆದು, ಜಾರಿಸುತ್ತಲೇ ದಡಕ್ಕೆ ತಂದರು. ಸತ್ತಂತೆ ಬಿದ್ದಿದ್ದ ಕುದುರೆಯ ಕೊರಳಿನಿಂದ ತಾಹ್ವೊ ಕುಣಿಕೆ ಸಡಿಲಿಸಿದ. ಒಂದು ಕ್ಷಣ ಏನೂ ಇಲ್ಲ. ಕುದುರೆ ಸತ್ತರೆ ಆ ಮೂವರು ಗಾಯಾಳುಗಳನ್ನು ತಾನೇ ಕೊಂದಂತೆ ಎಂದುಕೊಂಡ ರೈನೊ. ಆಮೇಲೆ ವಿರ್ಮಾ ಒಮ್ಮೆಲೆ ಸೀನಿ, ಕಾಲು ಝಾಡಿಸಿ ಎದ್ದಳು.

"ನಿಲ್ಲಿಸಿದ್ರೆ ಮರಗಟ್ಟಿ ಹೋಗ್ತಾಳೆ," ಎನ್ನುತ್ತಾ ತಾಹ್ವೊ ಆಗಲೇ ಅವಳ ಜೊತೆ ಓಡತೊಡಗಿದ್ದ. ತೊಡೆಗೆ ಗುಂಡು ತಗುಲಿ ಮಲಗಿದ್ದ ಕಾರ್ಪೊರಲ್ ಎಲ್ಯಾಸ್ ತನ್ನ ಕಂಬಳಿಯನ್ನು ಎಸೆದ. "ಅವಳಿಗೆ ಹೊದಿಸೋ ಮಾರಾಯಾ! ನನ್ನನ್ನ ಎಳೀಬೇಕಾದೋಳು ಅವಳು. ನಾನೇನು ಅವಳನ್ನ ಎಳೀತೀನಾ?"

ಕಾಡಂಚಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿ, ಕಾಲು ಗಂಟೆಯ ಮೇಲೆ ಇಬ್ಬರೂ ಹಬೆಯಾಡುತ್ತಾ ಬಂದರು. ಮುದುಕನ ಮೀಸೆಯಲ್ಲಿ ಮಂಜು ಗಡ್ಡೆಕಟ್ಟಿತ್ತು. ಅವನು ಕುದುರೆಯನ್ನು ಬಂಡಿಗೆ ಹೂಡಿದ.

"ತಪ್ಪು ನನ್ನದು," ಎಂದ ರೈನೊ, ಎಲ್ಲರಿಗೂ ಕೇಳುವಂತೆ. "ನಾಳೆ ದಾರಿ ನೀವೇ ಹೇಳಿ."

ತಾಹ್ವೊ ಬಾರು ಬಿಗಿದು ನೋಡಿದ. "ನಾಳೆ ಕೆರೆ ಇಲ್ಲ, ಸಾಹೇಬ್ರೆ. ಬರೀ ಕಾಡು. ನಕ್ಷೆ ನಿಮ್ಮ ಹತ್ರ ಇದೆ, ನೀವೇ ಹೇಳಿ."

ಆ ಸೈನ್ಯದಲ್ಲಿ ಇದಕ್ಕಿಂತ ದೊಡ್ಡ ಗೌರವ ತನಗೆ ಸಿಗಲಾರದೆಂದು ರೈನೊಗೆ ಅನ್ನಿಸಿತು. ಅವನು ಸ್ಕೀ ಕಟ್ಟಿಕೊಂಡು, ವಿರ್ಮಾಳ ಮುಂದೆ ಹಿಮ ತುಳಿದು ದಾರಿ ಮಾಡುತ್ತಾ ಹೊರಟ.