ಮುಚ್ಚಳ ತೆಗೆದು ನೋಡುವ ಗಂಡು

ನನ್ನನ್ನು ಮದುವೆಯಾಗಬಹುದೋ ಬೇಡವೋ ಎಂದು ನೋಡಲು ಬಂದವನು ಹೂವು ತರಲಿಲ್ಲ, ಹಣ್ಣು ತರಲಿಲ್ಲ; ತೀರಿಕೊಂಡ ಹೆಂಡತಿಯ ಅಡಿಗೆ ಪುಸ್ತಕ ತಂದ. ಪೇಟೆಯ ತಿರುವಿನಲ್ಲಿ ಆತನದು ಕನ್ನಡಕದಂಗಡಿ. ವಯಸ್ಸು ಐವತ್ತಮೂರು. ನನಗೆ ನಲವತ್ತೇಳು.

"ನಾಲ್ಕನೇ ಪುಟ," ಎಂದು ಪುಸ್ತಕವನ್ನು ನನ್ನ ಕೈಗಿಟ್ಟ. "ಹಬೆ ಪುಡ್ಡಿಂಗ್, ಹಳೇ ಕಾಲದ್ದು. ಅವಳು ಮಾಡ್ತಿದ್ಲು ನೋಡಿ, ಅದನ್ನ ತಿಂದವರು ಇನ್ನೊಂದು ಸಿಹಿ ಮುಟ್ತಿರ್ಲಿಲ್ಲ. ನಿಮ್ಮ ಕೈದೂ ಒಂದ್ಸಲ ತಿಂದು ನೋಡೋಣ ಅಂತ."

"ಅದಕ್ಕೇನಂತೆ, ಮಾಡ್ತಾಳೆ," ಎಂದರು ಅತ್ತಿಗೆ, ನಾನು ಬಾಯಿ ತೆರೆಯುವ ಮೊದಲೇ. "ಕೈ ಬಹಳ ಚುರುಕು ಇವಳದು."

ಅತ್ತಿಗೆಯ ಅವಸರ ನನಗೆ ಗೊತ್ತಿಲ್ಲದ್ದಲ್ಲ. ಅಣ್ಣನ ಮನೆಯಲ್ಲಿ ನಾನು ಮಲಗುವ ಕೋಣೆ ಅವರ ಮಗಳಿಗೆ ಬೇಕು. ಹಾಗೆಂದು ನನಗೆ ಆಸೆಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಗಲೆಲ್ಲ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕತ್ತರಿ ಹಿಡಿದು ನಿಂತು, ಸಂಜೆ ಇನ್ನೊಬ್ಬರ ಅಡಿಗೆಮನೆಯಲ್ಲಿ ಲೋಟ ಎತ್ತಿಕೊಳ್ಳಲೂ ಮುಖ ನೋಡುವವಳಿಗೆ ತನ್ನದೇ ಒಂದು ಒಲೆ, ಒಂದು ಬೀಗದ ಕೈ ಎಂದರೆ ಸಣ್ಣ ಮಾತಲ್ಲ. ಒಲೆಯ ಜೊತೆಗೆ ಒಬ್ಬ ಗಂಡಸೂ ಬರುತ್ತಾನೆ ಎಂಬುದನ್ನು ಕಹಿ ಗುಳಿಗೆಯಂತೆ ನುಂಗಲು ನಾನು ತಯಾರಾಗೇ ಇದ್ದೆ. ಬೆಳಿಗ್ಗೆ ಒಳ್ಳೆಯ ಬಟ್ಟೆಗೆ ಇಸ್ತ್ರಿಯನ್ನೂ ಹಾಕಿಕೊಂಡಿದ್ದೆ.

ಬೆಣ್ಣೆ, ಸಕ್ಕರೆ ನೊರೆಯಾಗುವವರೆಗೆ ತಿರುವಿದೆ. ಮೊಟ್ಟೆ, ಮೈದಾ, ಹಾಲು, ಒಣದ್ರಾಕ್ಷಿ ಸೇರಿಸಿ, ಬೆಣ್ಣೆ ಸವರಿದ ಪಿಂಗಾಣಿ ಬಟ್ಟಲಿಗೆ ಸುರಿದೆ. ಅದರ ಬಾಯಿಗೆ ಕಾಗದ, ಅದರ ಮೇಲೆ ಬಟ್ಟೆ ಹಾಕಿ ದಾರ ಸುತ್ತಬೇಕು. ಹಿಟ್ಟು ಉಬ್ಬಲು ಜಾಗ ಬೇಕೆಂದು ನಡುವೆ ಒಂದು ನೆರಿಗೆ ಹಿಡಿದೆ.

ಆತ ಬಾಗಿಲಿಗೆ ಬಂದು ನಿಂತಿದ್ದ. "ನೆರಿಗೆ ಯಾಕೆ? ಬಿಗಿಯಾಗಿ ಎಳೆದು ಕಟ್ಟಿ."

"ಉಬ್ಬುತ್ತಲ್ಲ."

"ಅವಳು ಬಿಗಿಯಾಗೇ ಕಟ್ತಿದ್ಲು."

ಪುಸ್ತಕದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಬಟ್ಟೆಯಲ್ಲಿ ನೆರಿಗೆ ಬಿಡಲು ಮರೆಯಬಾರದು. ವರ್ಷಗಟ್ಟಲೆ ತಿಂದವನು ಕಟ್ಟುವುದನ್ನು ಒಂದು ಸಲವೂ ನೋಡಿರಲಿಲ್ಲ. ನಾನು ನೆರಿಗೆ ಬಿಟ್ಟೇ ಕಟ್ಟಿದೆ. ಬಟ್ಟಲನ್ನು ದೊಡ್ಡ ಪಾತ್ರೆಯ ಕುದಿಯುವ ನೀರಿನಲ್ಲಿ ಇಳಿಸಿ ಮುಚ್ಚಿದೆ. ಎರಡು ಗಂಟೆ ಬೇಯಬೇಕು. ಮೊದಲ ಒಂದು ಗಂಟೆ ಮುಚ್ಚಳ ಮುಟ್ಟಬಾರದು, ಮುಟ್ಟಿದರೆ ಕುಸಿಯುತ್ತದೆ.

ಕಾಲು ಗಂಟೆಗೆಲ್ಲ ಆತ ಬಂದು ಮುಚ್ಚಳ ತೆಗೆದ. "ಇನ್ನೂ ಆಗಿಲ್ಲ," ಎಂದು ನನಗೇ ಸುದ್ದಿ ಕೊಟ್ಟು ಹೋದ. ಅರ್ಧ ಗಂಟೆಗೆ ಮತ್ತೆ ಹಾಜರು. ಹಬೆಗೆ ಕನ್ನಡಕ ಮಸುಕಾಗಿ, ಮೂಗು ಮುಂದೆ ಮಾಡಿಕೊಂಡು, "ಬಣ್ಣವೇ ಬಂದಿಲ್ವಲ್ಲ," ಎಂದ. ಕಾಗದ, ಬಟ್ಟೆ ದಾಟಿ ಬಣ್ಣ ಕಾಣುವ ಕಣ್ಣು!

"ತೆಗೀಬೇಡಿ. ಕುಸಿದುಹೋಗುತ್ತೆ."

"ಮನೇಲಿ ನಾನು ಯಾವಾಗ್ಲೂ ತೆಗೆದು ನೋಡ್ತಿದ್ದೆ. ಅವಳು ಒಂದು ಮಾತೂ ಆಡ್ತಿರ್ಲಿಲ್ಲ."

"ಬನ್ನಿ, ಇಲ್ಲಿ ಗಾಳಿಗೆ ಕೂತ್ಕೊಳ್ಳಿ," ಎಂದು ಅತ್ತಿಗೆ ಹೊರಗಿನ ಕೋಣೆಯಿಂದ ಕರೆದರು. ಅಲ್ಲಿ ಕೂತು ಆತ ನನ್ನ ಹಲ್ಲು, ನನ್ನ ಸಂಬಳ, ನನ್ನ ಮೊಣಕಾಲಿನ ಬಗ್ಗೆ ವಿಚಾರಿಸುವುದು ಕೇಳುತ್ತಿತ್ತು.

ಸಾಸ್ ಮಾಡುವ ವಿಧಾನ ಹಾಳೆಯ ಹಿಂಬದಿಯಲ್ಲಿತ್ತು. ತಿರುಗಿಸಿದೆ. ಸಕ್ಕರೆಯನ್ನು ಕಂದು ಬಣ್ಣಕ್ಕೆ ಕರಗಿಸಿ ಬೆಣ್ಣೆ, ಕೆನೆ ಹಾಕುವುದು ಎಂಬ ನಾಲ್ಕು ಸಾಲು. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರ:

ಮೊದಲ ಸಲ. ಗಟ್ಟಿಯಾಯಿತಂತೆ.

ಮೂರನೇ ಸಲ. ಸಾಸ್ ನೀರು ನೀರಂತೆ. ಮುಚ್ಚಳ ತೆಗೆದದ್ದು ಅವರು, ಕುಸಿದದ್ದು ನನ್ನ ತಪ್ಪು.

ಒಂಬತ್ತನೇ ಸಲ. ಅವರ ಅಮ್ಮನ ಕೈರುಚಿ ಇಲ್ಲವಂತೆ.

ಇಪ್ಪತ್ತೆರಡನೇ ಸಲ. ಏನೂ ಹೇಳಲಿಲ್ಲ. ಪೇಪರ್ ಓದುತ್ತ ತಿಂದರು.

ಮೂವತ್ತೊಂದನೇ ಸಲ. ಅವರು ಊರಲ್ಲಿರಲಿಲ್ಲ. ಮಾಡಿ ನಾನೊಬ್ಬಳೇ ತಿಂದೆ. ಬಹಳ ಚೆನ್ನಾಗಿತ್ತು.

ಅಷ್ಟೇ. ಆಮೇಲೆ ಖಾಲಿ ಹಾಳೆ. ಸ್ಟೂಲ್ ಎಳೆದುಕೊಂಡು ಕೂತು ಇನ್ನೊಮ್ಮೆ ಓದಿದೆ. ಬದುಕಿರುವವರೆಗೆ ಫೇಲಾಗುತ್ತಲೇ ಇದ್ದ ಹೆಂಗಸು ಸತ್ತ ಮೇಲೆ ಮೊದಲ ದರ್ಜೆಯಲ್ಲಿ ಪಾಸಾಗಿದ್ದಳು. ನನ್ನ ಅಡಿಗೆಯೂ ಒಂದು ದಿನ ರುಚಿಯಾಗುತ್ತದೆ. ಅದಕ್ಕೆ ನಾನು ಸಾಯಬೇಕು, ಮೂರನೆಯವಳೊಬ್ಬಳು ಹೀಗೇ ಯಾರದೋ ಅಡಿಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂರಬೇಕು. ಈ ಮನುಷ್ಯ ಇದನ್ನು ಓದಿ ಮುಚ್ಚಿಟ್ಟಿದ್ದರೆ ಕಳ್ಳನೆಂದಾದರೂ ಲೆಕ್ಕಕ್ಕಿಡಬಹುದಿತ್ತು. ಓದೇ ಇರಲಿಲ್ಲ. ಹಾಳೆ ತಿರುಗಿಸುವಷ್ಟು ಕುತೂಹಲವೂ ಹುಟ್ಟಿರಲಿಲ್ಲ.

ಪುಡ್ಡಿಂಗನ್ನು ತಟ್ಟೆಗೆ ಬೋರಲು ಹಾಕಿದಾಗ ಒಂದು ಪಕ್ಕ ಸ್ವಲ್ಪ ಕುಸಿದಿತ್ತು. ಮೇಲೆ ಬಿಸಿ ಸಾಸ್ ಸುರಿದು ತೆಗೆದುಕೊಂಡು ಹೋಗಿ ಆತನ ತಟ್ಟೆಗೆ ಬಡಿಸಿದೆ. ಆತ ದೊಡ್ಡ ಚೂರು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ. ನ್ಯಾಯಾಧೀಶರೂ ತೀರ್ಪಿಗೆ ಇಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ.

"ಪರವಾಗಿಲ್ಲ. ಆದ್ರೆ ಅವಳದು ಬಾಯಲ್ಲಿಟ್ರೆ ಕರಗ್ತಿತ್ತು."

"ಹಾಗಂತ ಅವರಿಗೆ ಯಾವತ್ತಾದ್ರೂ ಹೇಳಿದ್ರಾ?"

"ಹೇಳೋದೇನು? ತಟ್ಟೆ ಖಾಲಿ ಮಾಡ್ತಿದ್ನಲ್ಲ." ಎರಡನೇ ಚೂರು ಹಾಕಿಕೊಂಡ. "ನೀವೂ ಕಲಿತ್ಕೋತೀರಿ ಬಿಡಿ. ನನ್ನ ಕಡೆಯಿಂದ ಒಪ್ಪಿಗೆ. ಮುಂದಿನ ತಿಂಗಳು ಇಟ್ಕೊಳ್ಳೋಣ."

"ನನ್ನ ಕಡೆಯಿಂದ ಇಲ್ಲ," ಎಂದೆ.

ಚಮಚ ಗಾಳಿಯಲ್ಲೇ ನಿಂತಿತು. "ಒಂದು ಮಾತು ಅಂದಿದ್ದಕ್ಕೇ ಇಷ್ಟು ರೋಷವಾ? ಚೆನ್ನಾಗಿಲ್ಲ ಅಂತ ನಾನೆಲ್ಲಿ ಅಂದೆ?"

"ನೀವು ಏನೂ ಅನ್ನಲಿಲ್ಲ. ಮನೆಗೆ ಹೋಗಿ ಆ ಹಾಳೆಯ ಹಿಂದೆ ಏನಿದೆ, ಓದಿ."

"ಅಡಿಗೆ ಪುಸ್ತಕ ಓದಿ ನಾನೇನ್ರೀ ಮಾಡ್ಲಿ?" ಎಂದು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಎದ್ದ. ಅದಕ್ಕೂ ಮೊದಲು ತನ್ನ ತಟ್ಟೆ ಮಾತ್ರ ಖಾಲಿ ಮಾಡಿದ್ದ.

ಆತ ಮೆಟ್ಟಿಲಿಳಿಯುವವರೆಗೆ ಅತ್ತಿಗೆ ಹಲ್ಲು ಕಚ್ಚಿಕೊಂಡಿದ್ದರು. "ಈ ವಯಸ್ಸಲ್ಲಿ ನಿನಗೇನು ಕುದುರೆ ಮೇಲೆ ರಾಜಕುಮಾರ ಬರ್ತಾನಾ? ಅಂಗಡಿ ಇದೆ, ಮನೆ ಇದೆ, ಚಟ ಇಲ್ಲ. ಇನ್ನೇನಿರ್ಬೇಕಿತ್ತೇ?"

"ಅತ್ತಿಗೆ, ನಿಮಗೆ ಬೇಕಾಗಿರೋದು ನನ್ನ ಕೋಣೆ ತಾನೇ? ನಮ್ಮ ಹೊಲಿಗೆ ಅಂಗಡಿ ಮೇಲೆ ಒಂದು ರೂಮು ಬಾಡಿಗೆಗಿದೆ. ನಾಳೆ ಕೇಳ್ತೀನಿ. ಒಂದು ಒಲೆ ಇಡೋ ಜಾಗ ಇದ್ರೆ ಸಾಕು."

ಬೇಡ, ಇರು ಎಂದು ಅತ್ತಿಗೆ ಅನ್ನಲಿಲ್ಲ. ಕುರ್ಚಿಯಲ್ಲಿ ಕೂತು, ಉಳಿದ ಪುಡ್ಡಿಂಗನ್ನು ಹತ್ತಿರಕ್ಕೆಳೆದುಕೊಂಡು ಒಂದು ಚಮಚ ತಿಂದರು, ಇನ್ನೊಂದು ತಿಂದರು.

"ಚೆನ್ನಾಗೇ ಇದೆಯಲ್ಲೇ. ಅವನಿಗೇನು ಬಂದಿತ್ತು ದೊಡ್ಡ ರೋಗ?"

ಇಷ್ಟು ಹೇಳುವುದಕ್ಕೂ ಅವರಿಗೆ ಆ ಗಂಡಸು ಹೊರಗೆ ಹೋಗಬೇಕಾಯಿತು. ನಾನೂ ಒಂದು ಚಮಚ ತಂದು ಎದುರಿಗೆ ಕೂತೆ.