ಗೇಟಿನಲ್ಲಿ ಸಿಕ್ಕ ಬಟ್ಟೆ

"ಏನೇ, ಕುಂಡಿಗೆ ಮುಳ್ಳು ಚುಚ್ಚಿದೆಯಾ? ನೆಟ್ಟಗೆ ಕೂತ್ಕೊಂಡು ಹೊಲಿಯೇ! ನಿನ್ನಿಂದ ಇಡೀ ಲೈನ್ ನಿಂತೋಗಿದೆ!"

ಸೂಪರ್‌ವೈಸರ್ ಬೆನ್ನ ಹಿಂದೆ ಕಿರುಚಿದಾಗ ಪಟ್ಟಿಯಕ್ಕ ಸ್ಟೂಲಿನ ಅಂಚಿಗೆ ಒಂದು ತೊಡೆಯನ್ನಷ್ಟೇ ಊರಿ ಅರ್ಧ ನಿಂತೇ ಹೊಲಿಯುತ್ತಿದ್ದಳು. ಕಟಿಂಗ್ ಟೇಬಲ್ಲಿನ ಗಂಡಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ಹಲ್ಲು ಕಚ್ಚಿ ಪೂರ್ತಿ ಕೂತಳು. ತೊಡೆಸಂದಿಯಲ್ಲಿ ಕೆಂಡ ಇಟ್ಟಂತಾಯಿತು.

ಆಗ ತಾನೇ ಹುಟ್ಟಿದ ಕೂಸುಗಳ ಅಂಗಿಗೆ ಕತ್ತಿನ ಪಟ್ಟಿ ಕೂರಿಸುವುದು ಅವಳ ಕೆಲಸ. ಹಾಗಾಗಿಯೇ ಆ ಹೆಸರು. ಬೆಣ್ಣೆಯಂಥ ಹತ್ತಿ ಬಟ್ಟೆ. 'ಎಳೆ ಚರ್ಮಕ್ಕೆ ಹಿತ' ಎಂದು ಪ್ರತಿ ಅಂಗಿಯ ಒಳಗೂ ಒಂದು ಚೀಟಿ. ದಿನಕ್ಕೆ ಏಳುನೂರು ಅಂಗಿಗಳು ಅವಳ ಬೆರಳಡಿ ಹಾದು ಹೋಗುತ್ತಿದ್ದವು. ಅವಳ ಸ್ವಂತ ಚರ್ಮ ಮಾತ್ರ ಮೂರು ತಿಂಗಳಿಂದ ಸುಲಿದು ಹೋಗಿತ್ತು.

ಕಂಪನಿಯವರು ಹೆಂಗಸರಿಗೆ ಬಿಟ್ಟಿ ಪ್ಯಾಡ್ ಕೊಡುತ್ತಿದ್ದರು. ಮೂರು ತಿಂಗಳ ಹಿಂದೆ ಬೇರೆ ಮಾಲು ಬಂತು. ಮೇಲೆ ಪ್ಲಾಸ್ಟಿಕ್ಕಿನಂಥ ಹಾಳೆ, ಅಂಚು ತಗಡಿನಷ್ಟು ಚೂಪು, ಮೂಗಿಗೆ ಹೊಡೆಯುವ ಸೆಂಟು. ಟೋಕನ್ ಇಲ್ಲದೆ ಶೌಚಾಲಯಕ್ಕೆ ಹೋಗುವಂತಿಲ್ಲ, ಐವತ್ತು ಹೆಂಗಸರ ಲೈನಿಗೆ ಇದ್ದದ್ದು ಎರಡು. ಬೆಳಿಗ್ಗೆ ಮನೆಯಲ್ಲಿ ಹಾಕಿದ್ದನ್ನು ಸಂಜೆ ಮನೆಯಲ್ಲೇ ತೆಗೆಯಬೇಕು. ಅಷ್ಟು ಹೊತ್ತಿಗೆ ಬೆವರು, ರಕ್ತ, ಸೆಂಟು ಎಲ್ಲ ಸೇರಿ ಬೆಂದಿರುತ್ತಿತ್ತು.

ಗಂಡ ಒಂದು ಸಲ ಆ ಕೆಂಪು ಗುಳ್ಳೆಗಳನ್ನು ನೋಡಿ, "ಎಲ್ಲಿಂದ ಹಚ್ಕೊಂಡು ಬಂದೆ ಈ ರೋಗಾನ?" ಎಂದು ಚಾಪೆಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡಿದ್ದ. ಆಮೇಲೆ ಆ ಚಾಪೆ ಅಲ್ಲಿಂದ ವಾಪಸ್ಸು ಬಂದಿರಲಿಲ್ಲ.

ಆ ಮಧ್ಯಾಹ್ನ ಅವಳು ಕಂಪನಿಯ ನರ್ಸಿನ ಕೋಣೆಗೆ ಹೋದಳು. ನರ್ಸು ಬಗ್ಗಿ ನೋಡಿ ಲೊಚಗುಟ್ಟಿದಳು.

"ಗಾಳಿ ಆಡ್ದೆ ಇದ್ರೆ ಹಿಂಗೇ ಆಗೋದು. ನಾಲ್ಕು ಗಂಟೆಗೊಂದ್ಸಲ ಬದಲಾಯಿಸು. ಸೆಂಟು ಹಾಕಿರೋದು ಬೇಡ, ಹತ್ತೀದು ತಗೋ. ಬರೀ ನೀರಲ್ಲಿ ತೊಳಿ, ಸೋಪು ಹಚ್ಬೇಡ."

"ಸೆಂಟಿಂದು ಕೊಡ್ತಿರೋದು ನೀವೇ ಅಲ್ವಾ ಸಿಸ್ಟರ್?"

ನರ್ಸು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮೇಲಿಂದ ಬಂದದ್ದು ಕೊಡ್ತೀನಿ ಕಣೇ. ನನ್ನ ಕೇಳಿ ತರಿಸ್ತಾರಾ?"

"ಮತ್ತೆ ಟೋಕನ್ನು?"

"ಅದನ್ನ ನಿಮ್ಮ ಸೂಪರ್‌ವೈಸರನ್ನೇ ಕೇಳು."

ಕೇಳಿದಳು. ಅವನು ಇಡೀ ಹಾಲಿಗೆ ಕೇಳುವಂತೆ, "ಹೌದಾ ತಾಯಿ? ಹಂಗಾದ್ರೆ ನಿನ್ನ ತಿಂಗಳ ತಾರೀಖು ಬರೆಸ್ಬಿಡು, ಗೋಡೆಗೆ ಅಂಟಿಸ್ತೀನಿ. ಎಲ್ಲರೂ ನೋಡ್ಕೊಂಡು ದಾರಿ ಬಿಡ್ಲಿ" ಅಂದ. ಅವಳು ತಲೆ ತಗ್ಗಿಸಿ ಬಂದು ಮೆಷಿನ್ನಿಗೆ ಕೂತಳು. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಬೇಕಾಯಿತು.

ಪಕ್ಕದ ಮೆಷಿನ್ನಿನ ಗುಂಡಿಯಮ್ಮ ಎಲ್ಲ ನೋಡುತ್ತಿದ್ದಳು. ಅಂಗಿಗೆ ಗುಂಡಿ ಹಾಕುವವಳು, ಬಾಯಿ ಬಿಟ್ಟರೆ ಬಣ್ಣಗೇಡು.

"ಆ ಹಾದರಕ್ಕೆ ಹುಟ್ಟಿದವನಿಗೆ ಒಂದೇ ಒಂದು ತಿಂಗಳು ಬರ್ಬೇಕಿತ್ತು ಕಣೇ, ಟೋಕನ್ನಿನ ಹಾರ ಹಾಕ್ಕೊಂಡು ಓಡಾಡ್ತಿದ್ದ. ನಂಗೋ ನಲವತ್ತೇಳಾಯ್ತು, ಇನ್ನೂ ನಿಂತಿಲ್ಲ ಹಾಳಾದ್ದು. ನಮ್ಮವ್ವ ಹಳೇ ಬಟ್ಟೆ ಮಡಚಿ ಇಟ್ಕೊಂಡೇ ಜೀವ ಸವೆಸಿದ್ಲು. ಒಂದು ಗುಳ್ಳೆ ಇಲ್ಲ."

"ನಮ್ಮನೇಲಿ ಹಳೇದು ಅಂತ ಇರೋದೆಲ್ಲ ನೈಲಾನು, ಗುಂಡಿಯಮ್ಮ."

ಗುಂಡಿಯಮ್ಮ ಗಲ್ಲದಿಂದಲೇ ಕಟಿಂಗ್ ಟೇಬಲ್ಲಿನ ಕೆಳಗೆ ತೋರಿಸಿದಳು. ಅಲ್ಲಿ ತೋಳು, ಕತ್ತು ಕತ್ತರಿಸಿ ಉಳಿದ ಚೂರುಗಳು ಮೊಣಕಾಲೆತ್ತರ ಬಿದ್ದಿದ್ದವು. ಸಂಜೆ ಅವನ್ನು ಚೀಲಕ್ಕೆ ತುಂಬಿ ಬಾಯ್ಲರಿನ ಬೆಂಕಿಗೆ ಹಾಕುತ್ತಿದ್ದರು.

ಮರುದಿನ ಊಟದ ಬಿಡುವಿನಲ್ಲಿ ಸೂಪರ್‌ವೈಸರ್ ಹೊರಗೆ ಬೀಡಿ ಸೇದುವಷ್ಟರಲ್ಲಿ ಪಟ್ಟಿಯಕ್ಕ ಚೂರುಗಳನ್ನು ಎಂಟು ಪದರ ಮಾಡಿ ಎರಡು ಪಟ್ಟಿ ಹೊಲಿದಳು. ಒಂದನ್ನು ಅಲ್ಲೇ ಗೋಡೆ ಮರೆಯಲ್ಲಿ ಬದಲಾಯಿಸಿಕೊಂಡಳು. ಆ ದಿನ ಸಂಜೆಯವರೆಗೂ ಅವಳು ಸ್ಟೂಲಿನ ಮೇಲೆ ಪೂರ್ತಿ ಕೂತು ಹೊಲಿದಳು. ಎರಡನೇ ತಿಂಗಳಿಗೆ ಗುಳ್ಳೆಗಳು ಒಣಗಿ ಹಕ್ಕಳೆ ಎದ್ದವು. ಗುಂಡಿಯಮ್ಮನಿಗೆ ಒಂದು ಜೊತೆ ಹೊಲಿದುಕೊಟ್ಟಳು. ಮಾತು ಬಾಯಿಂದ ಬಾಯಿಗೆ ಹೋಗಿ, ಲೈನಿನಲ್ಲಿ ಹನ್ನೊಂದು ಹೆಂಗಸರು ಅವಳ ಕೈಯ ಪಟ್ಟಿಯನ್ನೇ ಇಟ್ಟುಕೊಳ್ಳತೊಡಗಿದರು.

ತೊಂದರೆ ಬಂದದ್ದು ಒಣಗಿಸುವುದರಲ್ಲಿ. ಬಿಸಿಲು ಬೀಳುವುದು ಮಹಡಿಯ ಮೇಲೆ, ಮಹಡಿ ಮನೆ ಒಡತಿಯದು. ಅಷ್ಟು ದಿನ ಆಕೆಯ ಕಣ್ಣು ತಪ್ಪಿಸಿ ಒಣಗಿಸಿದ್ದು ಒಂದು ದಿನ ಸಿಕ್ಕಿಬಿತ್ತು; ಆಕೆ ಎರಡೂ ಪಟ್ಟಿಗಳನ್ನು ಕೋಲಿನ ತುದಿಯಲ್ಲಿ ಎತ್ತಿ ಕೆಳಗೆ ಎಸೆದಳು.

"ನಿನ್ನ ಹೊಲಸನ್ನ ನನ್ನ ತಲೆ ಮೇಲೆ ಹರವ್ತೀಯಾ? ಇನ್ನೊಂದ್ಸಲ ಕಂಡ್ರೆ ಮನೆ ಖಾಲಿ ಮಾಡು!"

"ತೊಳೆದು ಬೆಳ್ಳಗೆ ಮಾಡಿದ್ದೀನಿ ಅಮ್ಮಾ, ಕಲೇನೂ ಇಲ್ಲ..."

"ಎದುರು ಮಾತಾಡ್ಬೇಡ."

ಬೀದಿಯಲ್ಲಿ ಬಿದ್ದ ಪಟ್ಟಿಗಳನ್ನು ಆಯ್ದುಕೊಂಡು ಬಂದು ಅವಳು ಮಂಚದಡಿ ದಾರ ಕಟ್ಟಿದಳು. ಗಾಳಿಯಿಲ್ಲದೆ ಅವು ಎರಡು ದಿನವಾದರೂ ಹಸಿಹಸಿ. ಬಿಸಿ ಪಾತ್ರೆಯ ತಳದಿಂದ ಉಜ್ಜಿ ನೋಡಿದಳು, ಆದರೂ ಒಳಪದರ ಆರಲಿಲ್ಲ. ತೇವದ್ದನ್ನೇ ಇಟ್ಟುಕೊಂಡಾಗ ತುರಿಕೆ ಮತ್ತೆ ಹೆಡೆ ಎತ್ತಿತು. ಇನ್ನು ನಾಲ್ಕು ಪಟ್ಟಿ ಇದ್ದರೆ ಒಂದು ಆರುವವರೆಗೆ ಇನ್ನೊಂದು ಆಗುತ್ತಿತ್ತು. ನಾಲ್ಕು ಹೊಲಿದು, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಸಂಜೆ ಗೇಟಿನ ಸಾಲಿನಲ್ಲಿ ನಿಂತಳು.

ಬೇರೆ ದಿನ ತಪಾಸಣೆ ಮೇಲ್ಮೇಲೆ ಮುಗಿಯುತ್ತಿತ್ತು, ಆ ದಿನವೇ ಮ್ಯಾನೇಜರ್ ಗೇಟಿನ ಹತ್ತಿರ ಮೇಜು ಹಾಕಿಸಿಕೊಂಡು ಕೂತಿದ್ದ. ಸೂಪರ್‌ವೈಸರ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಮೈ ತಡವುವ ಗಾರ್ಡಮ್ಮನ ಕೈಗೆ ನಾಲ್ಕೂ ಪಟ್ಟಿ ಸಿಕ್ಕವು. ಅವಳು ಮುಚ್ಚಿಡಬಹುದಿತ್ತೋ ಏನೋ, ಆದರೆ ತಲೆಯ ಮೇಲೆ ಕ್ಯಾಮೆರಾ ಇತ್ತು.

"ಏನಿದು?" ಅಂದ ಮ್ಯಾನೇಜರ್.

"ಸುಡೋಕೆ ಹಾಕೋ ಚೂರು ಬಟ್ಟೆ ಸಾರ್. ಪ್ಯಾಡು ಮೈಗೆ ಆಗಲ್ಲ ಅಂತ..."

"ಸುಡ್ತೀವೋ ಹೂಳ್ತೀವೋ, ಕಂಪನಿ ಬಟ್ಟೆ. ಇನ್ನೇನಿದೆ?"

"ಇಲ್ಲ ಸಾರ್."

"ಮೈ ಮೇಲೇ ಇರತ್ತೆ ಸಾರ್," ಸೂಪರ್‌ವೈಸರ್ ಅಂದ. "ಎರಡು ತಿಂಗಳಿಂದ ಇವಳು ನರ್ಸ್ ಹತ್ರ ಒಂದು ಪ್ಯಾಡೂ ತಗೊಂಡಿಲ್ಲ. ವಿಚಾರಿಸಿದ್ದೀನಿ."

ಮ್ಯಾನೇಜರ್ ತಲೆ ಎತ್ತದೆ, "ಅದನ್ನೂ ತೆಗೆದಿಟ್ಟು ಹೋಗು" ಅಂದ.

ಅವನಿಗೆ ಅರ್ಥವಾಗಿಲ್ಲ ಅಂದುಕೊಂಡಳು. "ಸಾರ್, ಇವತ್ತು ಎರಡನೇ ದಿನ..."

"ಕಿವಿ ಕೇಳಲ್ವಾ? ಇದನ್ನ ಬಿಟ್ರೆ ನಾಳೆ ಥಾನುಗಟ್ಟಲೆ ಹೊರಗೆ ಹೋಗತ್ತೆ."

ಅರ್ಥವಾಗಿತ್ತು. ಗಾರ್ಡಮ್ಮ ಅವಳನ್ನು ಗೇಟಿನ ಗೂಡಂಗಡಿಯಷ್ಟು ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ, ತಾನು ಗೋಡೆಗೆ ಮುಖ ಮಾಡಿ ನಿಂತಳು. "ನಂಗೊತ್ತು ಕಣಕ್ಕಾ. ಏನ್ಮಾಡ್ಲಿ ಹೇಳು?" ಅಂದಳು.

ಅವಳು ಹೊರಗೆ ಬಂದಳು. ಮರೆ ಮಾಡಲಿಲ್ಲ, ಕಾಗದದಲ್ಲೂ ಸುತ್ತಲಿಲ್ಲ. ತಂದದ್ದನ್ನು ಮ್ಯಾನೇಜರನ ಬಿಚ್ಚಿದ ರಿಜಿಸ್ಟರಿನ ಮೇಲೆ ಇಟ್ಟಳು.

"ತಗೊಳ್ಳಿ ಸಾರ್. ಬಟ್ಟೆ ಕಂಪನೀದು, ರಕ್ತ ನಂದು. ಬಿಡಿಸ್ಕೊಳ್ಳೋಕೆ ಆದ್ರೆ ಬಿಡಿಸ್ಕೊಳ್ಳಿ."

ಮ್ಯಾನೇಜರ್ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಥೂ! ಎತ್ತೇ ಅದನ್ನ! ಯಾರಾದ್ರೂ ಎತ್ರೋ!" ಯಾರೂ ಎತ್ತಲಿಲ್ಲ. ಸೂಪರ್‌ವೈಸರ್ ಎರಡು ಹೆಜ್ಜೆ ಹಿಂದೆ ಸರಿದ. "ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ, ರಂಡೆ!" ಎಂಬ ಮಾತು ಬೆನ್ನಿಗೆ ಬಡಿಯುವಾಗ ಅವಳು ಗೇಟು ದಾಟಿದ್ದಳು.

ಗೆದ್ದೆ ಅನಿಸಬೇಕಿತ್ತು. ಅನಿಸಲಿಲ್ಲ. ತೊಡೆಯ ಒಳಬದಿಯಿಂದ ಬೆಚ್ಚನೆಯದು ಇಳಿದು ಹಿಮ್ಮಡಿಗೆ ಬಂತು. ಮನೆಯಲ್ಲಿ ಏನು ಹೇಳುವುದು, ನಾಳೆ ಯಾವ ಗೇಟಿನ ಮುಂದೆ ಹೋಗಿ ನಿಲ್ಲುವುದು, ಒಂದೂ ಹೊಳೆಯಲಿಲ್ಲ. ಗೇಟಿನ ಕಂಬಿ ಹಿಡಿದು ನಿಂತು ತಿರುಗಿ ನೋಡಿದಳು.

ಒಳಗೆ ಇನ್ನೊಂದು ಮೇಜು ಬಂದಿತ್ತು. "ಮುಂದೆ ಬನ್ನಿ! ಪ್ರತಿಯೊಬ್ಬಳನ್ನೂ ಸರಿಯಾಗಿ ನೋಡು!" ಎಂದು ಮ್ಯಾನೇಜರ್ ಗಾರ್ಡಮ್ಮನಿಗೆ ಕೂಗುತ್ತಿದ್ದ.

ಮುಂದಿದ್ದವಳು ಗುಂಡಿಯಮ್ಮ. ಅವಳ ಹಿಂದೆ ಉಳಿದ ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ಅಷ್ಟು ಬಾಯಿಯ ಗುಂಡಿಯಮ್ಮ ಇವತ್ತು ಒಂದು ಮಾತಾಡದೆ ಎರಡೂ ಕೈ ಮೇಲೆತ್ತಿದಳು. ಗಾರ್ಡಮ್ಮನ ಕೈ ಭುಜದಿಂದ ಶುರುವಾಗಿ, ಕಂಕುಳು ದಾಟಿ, ಪಕ್ಕೆಲುಬಿನ ಮೇಲೆ ಇಳಿದು, ಸೊಂಟದ ಹತ್ತಿರ ಮಡಚಿದ ಬಟ್ಟೆಗೆ ತಗುಲಿ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕೈ ಅಲ್ಲೇ ಇತ್ತು.